ಅರ್ಜುನಪ್ಪನ ಮೀಸೆ, ಕಾರವಾರದ ಕಡಲು

ಬೆಂಗೇರಿಯ ಅರ್ಜುನಪ್ಪನ ಹತ್ತಿರ ಎರಡೇ ಆಸ್ತಿ. ಒಂದು, ಸರ್ವೇ ಖಾತೆಯಲ್ಲಿ ಸರಪಳಿ ಹಿಡಿದು ಹೊಲ ಅಳೆದು ಗಳಿಸಿದ ಹೆಸರು. ಇನ್ನೊಂದು, ಮೀಸೆ. ಬದುವಿನ ಸಲುವಾಗಿ ಅಣ್ಣತಮ್ಮಂದಿರು ಕುಡಗೋಲು ಎತ್ತಿದಾಗ ಈ ಮೀಸೆ ನಡುವೆ ಬಂದು ನಿಂತರೆ ಕುಡಗೋಲು ತಾನಾಗಿ ಕೆಳಗಿಳಿಯುತ್ತಿತ್ತಂತೆ. ಹಾಗೆ ಹೇಳಿದವನು ಅರ್ಜುನಪ್ಪನೇ, ಅರ್ಧ ನಂಬಿದರೆ ಸಾಕು. ಆದರೆ ಅವನು ಅಳೆದ ಹೊಲವನ್ನು ಮತ್ತೊಬ್ಬರು ಅಳೆಯುವ ಪ್ರಸಂಗ ಬರಲಿಲ್ಲ ಎಂಬುದು ಪೂರಾ ಖರೆ. ಯಾವ ಬದುವನ್ನೇ ಆಗಲಿ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅಳೆಯುವುದು ಅವನ ರೂಢಿ. ಎರಡೂ ಕೂಡಿ ಬಂದರೆ ಮಾತ್ರ ಕಲ್ಲು ನೆಡಿಸುತ್ತಿದ್ದ.

1959ರಲ್ಲಿ ನಿವೃತ್ತನಾದ ಮೇಲೆ ಅಳೆಯಲು ಏನೂ ಉಳಿಯಲಿಲ್ಲ. ಅಂಗಳ ಅಳೆದ, ಹಿತ್ತಲು ಅಳೆದ, ಕೊನೆಗೆ ಹೆಂಡತಿ ಶೇವಂತೆವ್ವ ಬಡಿದ ರೊಟ್ಟಿಯ ಅಂಚು ಸೊಟ್ಟ ಎಂದ. "ಹೊರಗ ಹೋಗ್ರಿ, ಊರಾಗ ಭಾಳ ಜಾಗಾ ಐತಿ" ಎಂದು ಅವಳು ಅಟ್ಟಿದಳು. ಅವನು ಹೋಗಿ ಕುಳಿತದ್ದು ಹುಬ್ಬಳ್ಳಿ ಪೇಟೆಯಲ್ಲಿ ಹಳೆ ಸಾಮಾನು ಮಾರುವ ಬಂದೇನವಾಜನ ಅಂಗಡಿಯಲ್ಲಿ.

ಆ ನಕಾಶೆ ಬಂದದ್ದು ಅಲ್ಲಿಗೇ. ವಿಲಾಯತಿಗೆ ಹೊರಟುಹೋದ ರೈಲ್ವೆ ಸಾಹೇಬನೊಬ್ಬನ ಬಂಗಲೆಯ ಸಾಮಾನಿನೊಳಗೆ ಸಿಕ್ಕಿತ್ತು. ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದ ದೊಡ್ಡ ಹಾಳೆ. ಅಂಚು ಹಳದಿಯಾಗಿದ್ದರೂ ಗೆರೆ ಒಂದೂ ಮಾಸಿರಲಿಲ್ಲ. ಮೂಲೆಯಲ್ಲಿ ಅಳೆದವನ ಹೆಸರು: ಲೆಫ್ಟಿನೆಂಟ್ ಪೆನ್‌ಫೋಲ್ಡ್, 1854. ಅರ್ಜುನಪ್ಪ ಚಷ್ಮಾ ಏರಿಸಿ ನೋಡಿದ, ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಯಾವ ಊರಿನ ಹೊಲಪಾ ಇವು? ಐದನೇ ನಂಬರಿನ ಬಾಜೂಕ ಏಳು, ಅದರಾಚಿ ಮತ್ತ ಐದು! ಒಂದ ನಂಬರು ಇಬ್ಬರಿಗೆ ಕೊಟ್ಟಾನ. ಬದು ಅಂತೂ ಇಲ್ಲೇ ಇಲ್ಲ. ಇಂಥಾವಗ ಪಗಾರ ಕೊಟ್ಟಾವ್ರು ಯಾರು?"

ಅಂಗಡಿಗೆ ಬಂದವರಿಗೆಲ್ಲ ತೋರಿಸಿ ತೋರಿಸಿ ನಕ್ಕ. ಬಂದೇನವಾಜ ತಡೆಯುವಷ್ಟು ತಡೆದು, ಕಡೆಗೆ ಮೆಲ್ಲಗೆ ಹೇಳಿದ: "ಕಾಕಾ, ಸಿಟ್ಟಾಗಬ್ಯಾಡ್ರಿ. ಅದು ಹೊಲ ಅಲ್ರಿ, ಕಾರವಾರದ ಸಮುದ್ರ. ಆ ನಂಬರು ನೀರಿನ ಆಳ, ಮಾರಿನ ಲೆಕ್ಕದಾಗ. ಸಾಹೇಬರ ಬಟ್ಲರ್ ಹೇಳ್ಯಾನ."

ಅಂಗಡಿಯೆಲ್ಲ ಗೊಳ್ಳೆಂದಿತು. ಅರ್ಜುನಪ್ಪ ಹುಟ್ಟಿದಾಗಿನಿಂದ ಸಮುದ್ರ ನೋಡಿದವನಲ್ಲ. ತಪ್ಪಾಯಿತು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

"ನೀರಿನ್ಯಾಗ ಕಲ್ಲ ನೆಡಾಕ ಬರತೈತೇನು? ಸರಪಳಿ ಹಾಸಾಕ ಬರತೈತೇನು? ದೋಣ್ಯಾಗ ಕುಂತು ಮನಸಿಗೆ ಬಂದಿದ್ದ ಬರದಾನ. ಇದರಾಗ ಒಂದ ನಂಬರು ಖರೇ ಇದ್ರೂ ನಾ ಮೀಸಿ ಬೋಳಿಸ್ತೇನಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನದಿಂದ ಬೆಂಗೇರಿಯ ಜನ ನಮಸ್ಕಾರ ಮಾಡುವ ಮೊದಲು ಅವನ ಮೀಸೆ ನೋಡತೊಡಗಿದರು. ಅರ್ಜುನಪ್ಪ ನಕಾಶೆಯನ್ನು ಮನೆಗೆ ತಂದು ಗೋಡೆಗೆ ಹಾಕಿದ. ದಿನಾ ಚಷ್ಮಾ ಒರೆಸಿಕೊಂಡು ಅದರ ಮುಂದೆ ನಿಲ್ಲುತ್ತಿದ್ದ. ದಂಡೆಯ ಒಂದೊಂದು ಬಂಡೆಯ ಬಾಗನ್ನೂ ಪೆನ್‌ಫೋಲ್ಡ್ ಇಷ್ಟು ಜೋಪಾನವಾಗಿ ಬರೆದಿದ್ದಾನೆ. ಇಂಥವನು ನೀರಿನ ವಿಷಯದಲ್ಲಿ ಸುಳ್ಳು ಹೇಳಿಯಾನೇ? ಮಳೆಗಾಲ ಮುಗಿಯುವವರೆಗೆ ತಡೆದುಕೊಂಡ. ಆಮೇಲೆ ಒಂದು ಹುಣ್ಣಿಮೆ ನೋಡಿ, ನಕಾಶೆಯನ್ನೂ ಬಾವಿಯ ಹಗ್ಗವನ್ನೂ ರೊಟ್ಟಿ ಬುತ್ತಿಯನ್ನೂ ಕಟ್ಟಿಕೊಂಡು ಗಂಡ ಹೆಂಡತಿ ಕಾರವಾರದ ಬಸ್ಸು ಹತ್ತಿದರು.

ಸಮುದ್ರದ ಎದುರಿಗೆ ನಿಂತು ಅರ್ಜುನಪ್ಪ ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಹಾಯಿಸಿದ. "ಇದನ್ನ ಎಲ್ಲಿಂದ ಹಿಡಿದು ಅಳೀಬೇಕ?" ಎಂದ ಕಡೆಗೆ. ದೋಣಿಯವನೊಬ್ಬ ಸಿಕ್ಕ. ಅರ್ಜುನಪ್ಪ ಗುಡ್ಡದ ತುದಿಯನ್ನೂ ನಡುಗಡ್ಡೆಯ ಮೂಗನ್ನೂ ಕಣ್ಣಳತೆಗೆ ಹಿಡಿದು, ನಕಾಶೆಯಲ್ಲಿ ಐದು ಎಂದಿದ್ದಲ್ಲಿ ದೋಣಿ ನಿಲ್ಲಿಸಿದ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಮೇಲೆಳೆದು, ಎರಡೂ ಕೈ ಚಾಚಿ ಮಾರು ಹಾಕಿದ. ಆರು!

"ಉಳೀತ ನೋಡ್ರಿ ನಿಮ್ಮ ಮೀಸಿ!" ಎಂದು ಶೇವಂತೆವ್ವ ಚಪ್ಪಾಳೆ ತಟ್ಟಿದಳು. ಅರ್ಜುನಪ್ಪ ಮೀಸೆ ತಿರುವಿದ, ಆದರೆ ಮುಖ ಅರಳಲಿಲ್ಲ. ಗೆದ್ದವನಿಗೆ ಯಾಕೋ ಅಳು ಬಂದಂತಾಗಿತ್ತು.

"ಈಗ ಭರತ ಅಲ್ರಾ, ನೀರು ಏರಿದೆ," ಎಂದ ದೋಣಿಯವ. "ಇಳಿತ ಆದ್ರೆ ನೀರು ಕಮ್ಮಿ ಆಗ್ತದೆ. ಹಡಗಿನ ನಕಾಶೆಯಲ್ಲಿ ಬರೆಯೋದು ಆ ಇಳಿತದ ಲೆಕ್ಕವೇ."

ಶೇವಂತೆವ್ವ ಗಂಡನ ತೋಳು ಜಗ್ಗಿದಳು. "ಸುಮ್ನ ಬರ್ರಿ. ಇಲ್ಲಿ ನೋಡಾವ್ರು ಯಾರದಾರ? ಆರು ಅಂತ ಹೇಳಿದ್ರಾತು."

"ಹೋಗೂವಾಗ ಅಳದೇನಿ," ಎಂದ ಅರ್ಜುನಪ್ಪ. "ಬರೂವಾಗ ಇನ್ನೂ ಅಳದಿಲ್ಲ."

ದಂಡೆಗೆ ಬಂದು ರೊಟ್ಟಿ ತಿಂದು ಕುಳಿತರು. ನೀರು ಹಿಂದೆ ಸರಿಯಿತು. ಅದೇ ಗುಡ್ಡ, ಅದೇ ನಡುಗಡ್ಡೆ ಹಿಡಿದು ಮತ್ತೆ ಕಲ್ಲು ಇಳಿಬಿಟ್ಟ. ಐದು. ಏಳು ಎಂದಿದ್ದಲ್ಲಿಗೆ ದೋಣಿ ನಡೆಸಿದ. ಏಳು! ಆಮೇಲೆ ಅವನನ್ನು ಹಿಡಿಯುವವರಾರು? ಬಿಸಿಲು ಇಳಿಯುವವರೆಗೆ ಕಲ್ಲು ಬಿಡುವುದು, ಮಾರು ಹಾಕುವುದು, "ಭಲೇ ಪೆನ್‌ಫೋಲ್ಡಾ!" ಎಂದು ಕೂಗುವುದು. ಕಲ್ಲು ನೆಡಲು ಜಾಗವಿಲ್ಲದ ಕಡೆ, ತಪ್ಪು ಹಿಡಿಯುವವರು ಯಾರೂ ಇಲ್ಲದ ಕಡೆ, ಒಬ್ಬ ಮನುಷ್ಯ ಇಷ್ಟು ಪ್ರಾಮಾಣಿಕನಾಗಿ ದುಡಿದಿದ್ದ. ಅರ್ಜುನಪ್ಪನಿಗೆ ಸಂತೋಷಕ್ಕೆ ಕಣ್ಣು ತುಂಬಿ ಬಂದವು. ಸಂಜೆ ಕಾರವಾರದಲ್ಲೇ ಹಜಾಮನ ಮುಂದೆ ಹಾಡು ಗುನುಗುತ್ತ ಕುಳಿತ.

ನಮ್ಮ ಕಡೆ ಗಂಡಸು ಮೀಸೆ ತೆಗೆಸುವುದು ಹೆತ್ತವರೋ ಮನೆಯ ಹಿರಿಯರೋ ಸತ್ತಾಗ ಮಾತ್ರ. ಅವರು ಬೆಂಗೇರಿಗೆ ಮರಳಿದಾಗ, ತಿಂಗಳುಗಟ್ಟಲೆ ಮಗಳ ಊರಲ್ಲಿದ್ದು ಆಗಷ್ಟೇ ಬಂದಿದ್ದ, ಪಂತದ ಸುದ್ದಿ ತಿಳಿಯದ ಎದುರು ಮನೆಯ ರಾಮಪ್ಪ, ಬೋಳು ಮುಖ ಕಂಡವನೇ ಉಣ್ಣುವುದನ್ನು ಬಿಟ್ಟು ಓಡಿ ಬಂದ.

"ಅರ್ಜುನಪ್ಪಣ್ಣಾ, ಯಾರ ಹೋದ್ರಪಾ?"

ಅರ್ಜುನಪ್ಪ ತುಟಿಯ ಮೇಲೆ ಬೆರಳಾಡಿಸಿಕೊಂಡ. "ನಮ್ಮ ಖಾತೇದ ಹಿರ್ಯಾರೊಬ್ಬರು, ರಾಮಪ್ಪ. ಅವರು ಹೋಗಿ ಭಾಳ ವರ್ಷ ಆಗಿರಬೇಕು. ನನಗ ಸುದ್ದಿ ಈಗ ಮುಟ್ಟೇತಿ."