ಫೋಟೋದಲ್ಲಿ ಎದ್ದ ಅಲೆ

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಮಹಾಂತಮ್ಮನ ಬಾಯಿಗೆ ಹೆದರದವರು ಇರಲಿಲ್ಲ. ನಳದ ಮುಂದೆ ಸರದಿ ನಿಂತವರು ಆಕೆ ಬಂದರೆ ತಾವಾಗಿಯೇ ಕೊಡ ಹಿಂದಕ್ಕೆ ಸರಿಸುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ನಿಜ. ಆದರೆ ಆ ಸಿಟ್ಟಿಗೊಂದು ಆಧಾರವೂ ಇತ್ತು. ಅದು ಆಕೆ ನೇಯ್ದ ಸೀರೆಯ ಚೌಕಳಿ. ಸಾಸಿವೆ ಕಾಳಿನಷ್ಟು ಸಣ್ಣದು, ಆದರೆ ಸೆರಗಿನಿಂದ ಒಡಲಿನ ಕೊನೆಯವರೆಗೆ ಒಂದೆಳೆಯೂ ವಾಲುತ್ತಿರಲಿಲ್ಲ. ಮಕ್ತಲದಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆ ಪಕ್ಕದಲ್ಲೇ ಕೂತು, ನೂಲು ಸೊಟ್ಟಾದಾಗಲೆಲ್ಲ ಲಾಳಿಯಿಂದ ಬೆರಳಿಗೆ ಹೊಡೆದು ಕಲಿಸಿದ ವಿದ್ಯೆ ಅದು. ಅತ್ತೆಯನ್ನು ಮಹಾಂತಮ್ಮ ಕೊನೆಗೂ ಕ್ಷಮಿಸಲಿಲ್ಲ, ವಿದ್ಯೆಯನ್ನು ಮಾತ್ರ ಕೈಬಿಡಲಿಲ್ಲ.

ಗಂಡ ತೀರಿಹೋದ ಮೇಲೆ ಮಗ್ಗ ಆಕೆಯದು, ಮಾರಾಟ ಮೈದುನ ಬಸವಪ್ರಸಾದನದು ಎಂದಾಯಿತು. ಒಬ್ಬರನ್ನು ಕಂಡರೆ ಇನ್ನೊಬ್ಬರಿಗಾಗದು. ಆತನ ಪಾಲಿಗೆ ಅತ್ತಿಗೆ ಕಾಲ ಗೊತ್ತಿಲ್ಲದ ಮುದುಕಿ, ಆಕೆಯ ಪಾಲಿಗೆ ಮೈದುನ ಇಸ್ತ್ರಿ ಅಂಗಿಯ ಸೋಮಾರಿ. ಒಂದೇ ಒಲೆಯ ರೊಟ್ಟಿ ತಿನ್ನುತ್ತಿದ್ದರು, ಅಷ್ಟೆ.

ತೆಲಂಗಾಣ ಬೇರೆ ರಾಜ್ಯವಾದ ವರ್ಷ ಬಸವಪ್ರಸಾದ ರಾಯಚೂರಿನಿಂದ ಅಂಗಿಯ ಜೇಬಿನಲ್ಲಿ ಕೂರುವಂಥ ಡಿಜಿಟಲ್ ಕ್ಯಾಮೆರಾ ತಂದ. ಹದಿನಾಲ್ಕು ಮೆಗಾಪಿಕ್ಸೆಲ್ ಎಂದು ಓಣಿಗೆಲ್ಲ ಡಂಗುರ ಸಾರಿದ. ಅದರ ಯೋಗ್ಯತೆ ಮನೆಯವರಿಗೆ ಮೊದಲ ವಾರದಲ್ಲೇ ಗೊತ್ತಾಯಿತು. ಮನೆಯೊಳಗೆ ತೆಗೆದ ಪಟದ ಮೇಲೆಲ್ಲ ರವೆ ಉದುರಿಸಿದಂತೆ ಚುಕ್ಕೆ. ಫ್ಲ್ಯಾಶ್ ಹಾಕಿದರೆ ಮುಖಕ್ಕೆ ಸುಣ್ಣ ಬಳಿದ ಹಾಗೆ. ಗುಂಡಿ ಒತ್ತಿದ ಮೇಲೂ ಕೊಂಚ ಹೊತ್ತು ಯೋಚನೆ ಮಾಡಿ, ಎದುರಿಗಿದ್ದ ಮಗು ಎದ್ದು ಓಡಿದ ಮೇಲೆ ಬರೀ ಚಾಪೆಯ ಪಟ ತೆಗೆಯುತ್ತಿತ್ತು. ಮಹಾಂತಮ್ಮನ ಕುಂಕುಮಗೆಂಪು ಅಂಚು ಅದರ ಪರದೆಯಲ್ಲಿ ಕಿತ್ತಳೆಯಾಗಿತ್ತು. ಆಕೆ ಅದಕ್ಕೆ ಕುರುಡು ಡಬ್ಬಿ ಎಂದು ಹೆಸರಿಟ್ಟಳು.

ಆತ ಬಿಡುವವನಲ್ಲ. ಅತ್ತಿಗೆಯ ನೀಲಿ ಚೌಕಳಿ ಸೀರೆಯನ್ನು ಅಂಗಳದ ಬಿಸಿಲಿಗೆ ಹರವಿ, ದೂರ ನಿಂತು ಪಟ ತೆಗೆದು, ದೊಡ್ಡದಾಗಿ ಅಚ್ಚು ಹಾಕಿಸಿ, ಅತ್ತಿಗೆಗೆ ತೋರಿಸದೆ ನೇರ ಗದ್ವಾಲಕ್ಕೆ ಒಯ್ದ. ಅಲ್ಲಿ ಸೀರೆ ಅಂಗಡಿಯ ಲಕ್ಷ್ಮಯ್ಯ ಹೊಸ ರಾಜ್ಯದ ಮೊದಲ ದಸರೆಗೆ ಹೊಸ ನಮೂನೆ ಹುಡುಕುತ್ತಿದ್ದ. ಪಟ ನೋಡಿದ್ದೇ ತಡ, ಇಂಥವೇ ಒಂದು ಗಂಟು ಬೇಕು, ನೇಯ್ದವರ ಹೆಸರನ್ನೂ ಅಂಗಡಿಯಲ್ಲಿ ಹಾಕುತ್ತೇನೆ ಎಂದ. ಬಸವಪ್ರಸಾದ ಮನೆಗೆ ಬಂದು ಹೇಳಿದಾಗ ಮಹಾಂತಮ್ಮ ಮುಖ ಗಂಟು ಹಾಕಿಕೊಂಡೇ ಕೇಳಿದಳು. ಆದರೆ ಒಳಗೊಳಗೆ ಹಿಗ್ಗಿದಳು. ಇಷ್ಟು ವರ್ಷ ಆಕೆಯ ಸೀರೆಗಳು ಊರಿನ ಹೆಸರಿನಲ್ಲಿ ಮಾರಾಟವಾಗಿದ್ದವು, ಆಕೆಯ ಹೆಸರಿನಲ್ಲಿ ಒಂದೂ ಇಲ್ಲ. ಮಳೆಗಾಲವೆಲ್ಲ ಕಾಲಿಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಮೇಲೇಳದೆ ನೇಯ್ದಳು. ಗಂಟನ್ನು ತಾನೇ ಒಯ್ಯುತ್ತೇನೆ ಎಂದು ಹಟ ಹಿಡಿದು ಮೈದುನನ ಜೊತೆ ಬಸ್ಸು ಹತ್ತಿದಳು.

ಅಂಗಡಿಯ ಗೋಡೆಗೆ ಆ ಪಟ ಅಂಟಿಸಿದ್ದರು. ನೀಲಿ ಸೀರೆಯ ಮೈತುಂಬ ಬಾಗಿದ ಪಟ್ಟೆಗಳು, ಕೆರೆಯ ನೀರಿಗೆ ಗಾಳಿ ಬೀಸಿದಂತೆ ಅಲೆ ಅಲೆ, ನಡುನಡುವೆ ಹಸಿರು ಗುಲಾಬಿ ಬಣ್ಣದ ಛಾಯೆ. ಮಹಾಂತಮ್ಮನಿಗೆ ಅಸಹ್ಯವಾಯಿತು.

"ಇದ್ಯಾವ ಕುಡುಕ ನೇಯ್ದಾನ್ರಿ?" ಎಂದಳು.

ಲಕ್ಷ್ಮಯ್ಯ ನಕ್ಕ. "ನಿಮ್ಮದೇ ಅಲ್ಲೇನಮ್ಮ."

ಗಂಟು ಬಿಚ್ಚಿದ ಮೇಲೆ ನಗು ಹೋಯಿತು. ಇವು ಬರೀ ಚೌಕಳಿ, ಅಲೆ ಎಲ್ಲಿ, ಒಂದು ತೋರಿಸಿ ಇನ್ನೊಂದು ಕೊಡುತ್ತೀರಾ ಎಂದು ಲಕ್ಷ್ಮಯ್ಯ ತೆಲುಗಿನಲ್ಲಿ ಕೂಗಾಡಿದ. ಪಟದ ಅಲೆಯನ್ನು ಬರೀ ಬಿಸಿಲ ಹೊಳಪೆಂದುಕೊಂಡಿದ್ದ ಬಸವಪ್ರಸಾದ ಬೆವರುತ್ತ ಕ್ಯಾಮೆರಾ ತೆಗೆದು ಅದೇ ಸೀರೆಗೆ ಹಿಡಿದ. ಹತ್ತಿರ ಹೋದರೆ ಪರದೆಯಲ್ಲಿ ಚೌಕಳಿ ನೆಟ್ಟಗಿತ್ತು. ಹಿಂದೆ ಸರಿದರೆ ಅಲೆ ಎದ್ದು ಓಡಾಡುತ್ತಿತ್ತು. ಅಷ್ಟು ಸಣ್ಣ ಚೌಕಳಿಯನ್ನು ಬಿಡಿಬಿಡಿಯಾಗಿ ಕಾಣುವ ಶಕ್ತಿ ಆ ಡಬ್ಬಿಯ ಕಣ್ಣಿಗಿರಲಿಲ್ಲ. ಕಾಣಲಿಲ್ಲ ಎಂದು ಒಪ್ಪಿಕೊಳ್ಳದೆ, ತನಗೆ ತೋಚಿದ್ದನ್ನು ಗೀಚಿಬಿಟ್ಟಿತ್ತು.

ಮಹಾಂತಮ್ಮನಿಗೆ ಹೋದ ಜೀವ ಬಂದಂತಾಯಿತು. ತಪ್ಪು ಡಬ್ಬಿಯದು, ತನ್ನ ಕೈಯದಲ್ಲ. ಈಗ ಈ ವ್ಯಾಪಾರಿ ಎರಡು ಒಳ್ಳೆಯ ಮಾತಾಡಿ ಸೀರೆ ಒಳಗಿಟ್ಟುಕೊಳ್ಳುತ್ತಾನೆ ಎಂದುಕೊಂಡಳು. ಲಕ್ಷ್ಮಯ್ಯನಿಗೆ ಅದೆಲ್ಲ ಬೇಕಿರಲಿಲ್ಲ. ಗಿರಾಕಿಗಳು ಕೇಳುತ್ತಿರುವುದು ಗೋಡೆಯ ಮೇಲಿರುವುದನ್ನು ಎಂದ. ಮಗ್ಗದಲ್ಲಿ ಆಗದಿದ್ದರೆ ಚೌಕಳಿಯ ಮೇಲೆ ಅಲೆಯ ಅಚ್ಚು ಹಾಕಿಸಿಕೊಡಿ ಎಂದ.

"ನೆಟ್ಟಗಿರೋದನ್ನ ಸೊಟ್ಟ ಮಾಡಾಕ ನಾ ಹುಟ್ಟಿಲ್ಲ," ಎಂದಳು ಮಹಾಂತಮ್ಮ.

ಬಸವಪ್ರಸಾದ ಅಂಗಡಿಯಲ್ಲೇ ಆಕೆಯ ಮೇಲೆ ಹರಿಹಾಯ್ದ. "ಅವರು ಕೇಳಿದ್ದು ಕೊಡಾಕ ನಿನಗೇನು ರೋಗ, ಅತ್ತಿಗಿ? ನಿನ್ನ ನೆಟ್ಟಗಿನ ನೂಲು ಯಾರ ಕಣ್ಣಿಗೆ ಕಾಣತೈತಿ?" ಆಕೆ ಗಂಟು ಕಟ್ಟಿದಳು. ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಮನೆ ಮುಟ್ಟಿದರು. ಮರುದಿನ ಒಲೆಯೂ ಬೇರೆಯಾಯಿತು.

ಸಂಕ್ರಾಂತಿ ಹೊತ್ತಿಗೆ ಗದ್ವಾಲದ ಅಂಗಡಿಗೆ ಸೀರೆ ಬಂದವು. ಯಾವುದೋ ಮಿಲ್ಲಿನ ಬಟ್ಟೆ, ಮೇಲೆ ಅಚ್ಚೊತ್ತಿದ ಅಲೆ. ಮಾಡಿಸಿದವನು ಬಸವಪ್ರಸಾದ. ಚೀಟಿಯಲ್ಲಿ ತೆಲುಗು ಅಕ್ಷರದಲ್ಲಿ ನಾರಾಯಣಪೇಟ ಮಹಾಂತಮ್ಮ ಸೀರೆ ಎಂದು ಬರೆಸಿದ್ದ. ನನ್ನ ಹೆಸರು ಕಿತ್ತು ಹಾಕು ಎಂದು ಆಕೆ ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಬೈದಳು. ಊರಲ್ಲಿ ನೀನೊಬ್ಬಳೇ ಏನು ಮಹಾಂತಮ್ಮ ಎಂದು ಆತ ಒಳಗಿಂದಲೇ ಕೇಳಿದ. ಸೀರೆ ಚೆನ್ನಾಗಿ ಹೋದವು. ಮೊದಲ ಒಗೆತಕ್ಕೇ ಬಣ್ಣ ಬಿಟ್ಟವು ಎಂಬ ದೂರು ಮಾತ್ರ ಆಕೆಯ ಬಾಗಿಲಿಗೆ ಬಂತು.

ಒಮ್ಮೆ ತವರಿಗೆ ಹೋಗಿ ಬರುವಾಗ, ಮಕ್ತಲದ ನಿಲ್ದಾಣದಲ್ಲಿ ಬಸ್ಸು ಹತ್ತಿದ ಹೆಂಗಸೊಬ್ಬಳು ಮಹಾಂತಮ್ಮನ ಪಕ್ಕ ಕೂತಳು. ಉಟ್ಟದ್ದು ಅದೇ ಅಲೆಯ ಸೀರೆ, ಬಣ್ಣವೆಲ್ಲ ಕದಡಿಹೋಗಿತ್ತು. ಮಾತಿಗೆ ಮಾತು ಬಂದು, ನಾರಾಯಣಪೇಟೆಯವರು ಎಂದು ತಿಳಿದದ್ದೇ ಆ ಹೆಂಗಸಿನ ದನಿ ಬಿರುಸಾಯಿತು. ಈ ಸೀರೆಯ ಮಹಾಂತಮ್ಮ ಎಂಬಾಕೆ ನಿಮಗೆ ಗೊತ್ತೇನು, ಎಂಥ ಮೋಸಗಾತಿ, ಕೈಗೆ ಸಿಕ್ಕರೆ ಎರಡು ಮಾತು ಕೇಳಬೇಕಾಗಿದೆ ಎಂದಳು.

ಮಹಾಂತಮ್ಮ ಆ ಸೀರೆಯನ್ನು ಸೆರಗಿನಿಂದ ನೆರಿಗೆಯವರೆಗೆ ನೋಡಿದಳು.

"ಆಕಿ ಸತ್ತಾಳವ್ವ."

"ಅಯ್ಯ, ಏನಾಗಿತ್ತು?"

"ಫೋಟೋ ಹೊಡದ್ರು. ಅದರಾಗ ಹೋದ್ಲು."