ಅಮಾವಾಸ್ಯೆಯ ಮಾರನೆಯ ದಿನದ ರೇಸು

ನಮ್ಮಪ್ಪನ ಎಡಗಾಲಿನ ಬೂಟಿನ ಲೇಸು ಕಟ್ಟುತ್ತಿದ್ದದ್ದು ಅಮ್ಮನೂ ಅಲ್ಲ, ನಾನೂ ಅಲ್ಲ, ವೆಂಕಟರಾಯಪ್ಪ ಮಾವ. ನನಗೆ ಬುದ್ಧಿ ತಿಳಿದಾಗಿನಿಂದ ದಿನಾ ಬೆಳಗ್ಗೆ ಹಾಲಿನವನಿಗಿಂತ ಮೊದಲು ನಮ್ಮ ಬಾಗಿಲು ತಟ್ಟುತ್ತಿದ್ದವರು ಅವರು. ಅಪ್ಪನ ಆ ಕಾಲು ಮಡಚುವುದಿಲ್ಲ. ಮಾವ ಅಪ್ಪನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಬಟ್ಟೆ ಹಾಕಿಸಿ, ದಪ್ಪ ಅಟ್ಟೆಯ ಬೂಟು ತೊಡಿಸಿ, ನಮ್ಮ ಮಗ್ಗದ ಶೆಡ್ಡಿನಲ್ಲಿ ಕೂರಿಸಿ, ಆಮೇಲೆ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಮಾವ ಅಂತ ಕರೆಯುವುದು ಬಾಯಿಮಾತಿಗೆ. ಸಂಬಂಧದಲ್ಲಿ ಅವರು ನಮಗೆ ಏನೂ ಆಗಬೇಕಾಗಿಲ್ಲ, ಅಪ್ಪನ ಗೆಳೆಯ ಅಷ್ಟೆ.

ದೊಡ್ಡಬಳ್ಳಾಪುರದ ನಮ್ಮ ಬೀದಿಯವರು ಇದನ್ನು ಸ್ನೇಹ ಅಂದರೆ ಇದು ಎಂದು ಹೊಗಳುತ್ತಾರೆ. ಅವರಿಗೇನು, ಹೊಗಳಿದರೆ ಬಾಯಿ ನೋಯುವುದಿಲ್ಲ. ನನಗೆ ಮಾತ್ರ ಒಬ್ಬ ಮನುಷ್ಯ ದಿನಾ ಹಾಗೆ ಮಂಡಿಯೂರಿ ಕೂರುವುದನ್ನು ನೋಡಿದರೆ ಸಂಕಟವಾಗುತ್ತಿತ್ತು. ಅದು ಸ್ನೇಹಕ್ಕಿಂತ ಶಿಕ್ಷೆಯ ಹಾಗೆ ಕಾಣುತ್ತಿತ್ತು. ಶಿಕ್ಷೆ ಯಾತಕ್ಕೆ ಎಂಬುದು ಊರಿಗೆಲ್ಲ ಗೊತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ಆಗ ವರ್ಷದ ಮೋಟಾರ್ ರೇಸುಗಳಿಗೆ ಬೋಣಿಯಾಗುತ್ತಿದ್ದದ್ದು ಮದ್ರಾಸಿನ ಆಚೆ, ವಿಮಾನಗಳು ಬಿಟ್ಟುಹೋದ ಒಂದು ಹಳೆಯ ರನ್‌ವೇಯಲ್ಲಿ. ಹೆಸರು ಮಾತ್ರ ಗ್ರ್ಯಾಂಡ್ ಪ್ರೀ. ಇದ್ದದ್ದು ಬಿಸಿಲು, ಒಡೆದ ಕಾಂಕ್ರೀಟು, ತಿರುವಿನಲ್ಲಿ ಹುಲ್ಲಿನ ಪೆಂಡಿ. ಕಾರುಗಳಿಗೊಂದು ರೇಸು, ಬೈಕುಗಳಿಗೊಂದು. ಆ ವರ್ಷದ ಮೊದಲ ರೇಸಿನಲ್ಲಿ ಗೆದ್ದರೆ ವರ್ಷವಿಡೀ ತಮ್ಮದೇ ಎಂದು ನಂಬಿದ್ದ ಹುಚ್ಚರಲ್ಲಿ ನಮ್ಮಪ್ಪ ಚಲಪತಿಯೂ ಒಬ್ಬರು. ಅವರದು ಒಂದು ಯೆಜ್ಡಿ ಬೈಕು. ಅದನ್ನು ಬಿಚ್ಚಿ ಕಟ್ಟಿ ಓಡುವ ಹಾಗೆ ಮಾಡಿದವರು ವೆಂಕಟರಾಯಪ್ಪ ಮಾವ. ಆಗ ಅವರು ಊರಿನ ಮಗ್ಗ ರಿಪೇರಿಯ ಮೇಸ್ತ್ರಿ. ಸೀರೆ ಗಂಟುಗಳನ್ನು ಹೇರಿದ್ದ ಲಾರಿಯಲ್ಲೇ ಬೈಕನ್ನೂ ಏರಿಸಿಕೊಂಡು ಇಬ್ಬರೂ ಮದ್ರಾಸಿಗೆ ಹೋದರು.

ರೇಸು ಭಾನುವಾರ. ಶನಿವಾರ ಅಮಾವಾಸ್ಯೆ. ನಮ್ಮ ನೇಕಾರರಲ್ಲಿ ಅಮಾವಾಸ್ಯೆ ದಿನ ಮಗ್ಗ ಓಡಿಸುವುದಿಲ್ಲ, ಹತ್ಯಾರು ಮುಟ್ಟುವುದಿಲ್ಲ. ಶನಿವಾರ ಬೈಕು ಓಡಿಸಿ ನೋಡಿದಾಗ ಚೈನು ಸಡಿಲವಾಗಿದೆ ಎಂದು ಅಪ್ಪ ಹೇಳಿದರಂತೆ. ಇವತ್ತು ಸ್ಪ್ಯಾನರ್ ಹಿಡಿಯಲ್ಲ, ನಾಳೆ ಬೆಳಗ್ಗೆ ನೋಡ್ತೀನಿ ಎಂದು ಮಾವ ಹುಣಸೆ ಮರದ ಕೆಳಗೆ ಟವೆಲು ಹಾಸಿಕೊಂಡು ಮಲಗಿದರಂತೆ. ಬೆಳಗ್ಗೆ ಬೆರಳಿನಿಂದ ಒತ್ತಿ ನೋಡಿದರೆ ಚೈನು ಸರಿಯಾಗಿಯೇ ಇತ್ತು. ಅಪ್ಪನಿಗೆ ಗಾಬರಿ ಜಾಸ್ತಿ ಎಂದುಕೊಂಡು ಮಾವ ಬಿಟ್ಟುಬಿಟ್ಟರು. ಹಿಂದಿನ ಚಕ್ರದ ನಟ್ಟಿಗೆ ಸ್ಪ್ಯಾನರ್ ಹಾಕಲಿಲ್ಲ. ಶುಕ್ರವಾರ ತಾವೇ ಬಿಗಿ ಮಾಡಿದ್ದರಲ್ಲ.

ರೇಸಿನ ನಡುವೆ, ಅಪ್ಪ ಎರಡನೆಯವರಾಗಿ ಬರುತ್ತಿದ್ದಾಗ, ಆ ನಟ್ಟು ಕಳಚಿಕೊಂಡಿತು. ಚಕ್ರ ವಾಲಿತು, ಬೈಕು ಅಪ್ಪನನ್ನು ಎಳೆದುಕೊಂಡು ಹೋಯಿತು. ಹಿಂದೆ ಬರುತ್ತಿದ್ದ ಇನ್ನೊಂದು ಬೈಕು ಕಾಲಿನ ಮೇಲೆ ಹರಿಯಿತು.

ಶನಿವಾರದ ಓಟದ ಅದುರಾಟಕ್ಕೆ ನಟ್ಟು ಸಡಿಲವಾಗಿತ್ತು, ಅವತ್ತೇ ಕೈ ಹಾಕಿದ್ದರೆ ಚಲಪತಿ ಬೀಳುತ್ತಿರಲಿಲ್ಲ ಎಂದು ಮಾವ ತಾವೇ ತೀರ್ಮಾನ ಮಾಡಿಕೊಂಡರು. ಅಂದಿನಿಂದ ಹಟಕ್ಕೆ ಬಿದ್ದವರ ಹಾಗೆ ಪ್ರತಿ ಅಮಾವಾಸ್ಯೆಯೂ ಕೆಲಸ ಮಾಡಿದರು. ಕುಲದ ಹಿರಿಯರು ಬೈದರು, ಮಗ್ಗದ ಮಾಲೀಕರು ಆ ಕೈ ನಮ್ಮ ಮಗ್ಗಕ್ಕೆ ಬೇಡ ಎಂದರು. ಮಾವ ಸೋಂಪುರದ ಫ್ಯಾಕ್ಟರಿಯೊಂದಕ್ಕೆ ಸೇರಿ ಬಸ್ಸಿನಲ್ಲಿ ಓಡಾಡಿದರು. ಆ ರೇಸಿಗೆ ಮೊದಲೇ ಹಿಂದೂಪುರದ ಶಾಮಲಾ ಎಂಬ ಹುಡುಗಿಯ ಜೊತೆ ಅವರ ಮದುವೆ ನಿಶ್ಚಯವಾಗಿತ್ತು. ಅಳಿಯ ಅಲ್ಲಿಗೇ ಬಂದು ತಮ್ಮ ಮಗ್ಗಗಳನ್ನು ನೋಡಿಕೊಳ್ಳಬೇಕು ಎಂದು ಹುಡುಗಿಯ ತಂದೆ ಹೇಳಿದ್ದರು. ಚಲಪತಿಯನ್ನು ಬಿಟ್ಟು ಬರುವುದಿಲ್ಲ ಎಂದು ಮಾವ ಹೇಳಿಕಳಿಸಿದರು. ಆಕೆ ಕಾದಷ್ಟು ದಿನ ಕಾದು ಬೇರೆಯವರನ್ನು ಮದುವೆಯಾದಳು. ಮಾವ ಮಾತ್ರ ಒಂಟಿಯಾಗಿ ಉಳಿದರು. ಅಪ್ಪನಿಗೆ ಮದುವೆಯಾಯಿತು, ನಾನು ಹುಟ್ಟಿದೆ, ಅಮ್ಮ ತೀರಿಕೊಂಡಳು. ಬೂಟಿನ ಲೇಸು ಕಟ್ಟುವುದು ಮಾತ್ರ ಮಾವನದೇ ಆಗಿ ಉಳಿಯಿತು.

ಹೋದ ವರ್ಷ ಮಾವನಿಗೆ ಎದೆನೋವು ಬಂತು. ಬೆಂಗಳೂರಿನ ಡಾಕ್ಟರು ಆಪರೇಷನ್ ಆಗಲೇಬೇಕು ಎಂದರು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಬಂದ ಮಾವ ಎಂದಿನಂತೆ ಎಲ್ಲ ಮುಗಿಸಿ, ಹೊರಡದೆ ನಿಂತರು. ನಾನು ಕಾಫಿ ತಂದಿದ್ದೆ.

“ಚಲಪತಿ, ಏಳ್ತೀನೋ ಇಲ್ವೋ ಗೊತ್ತಿಲ್ಲ. ಒಂದ್ಸಲ ಹೇಳ್ಬಿಡು ಕಣೋ, ಕ್ಷಮಿಸಿದೀನಿ ಅಂತ. ಅಷ್ಟು ಸಾಕು ನಂಗೆ,” ಎಂದರು.

ಅಷ್ಟು ವರ್ಷದಲ್ಲಿ ಅವರು ಬಾಯಿ ಬಿಟ್ಟು ಕೇಳಿದ್ದು ಅದೊಂದೇ. ಅಪ್ಪ ಮಗ್ಗದ ಕಡೆ ನೋಡುತ್ತಾ ಕಾಫಿ ಆರುತ್ತಿದೆ, ಕುಡಿ ಎಂದರು. ಮಾವ ಕುಡಿದು, ಲೋಟ ನನ್ನ ಕೈಗೆ ಕೊಟ್ಟು ಹೋದರು.

ನನಗೆ ಪಿತ್ತ ನೆತ್ತಿಗೇರಿತು. ನಿಮ್ಮದೇನು ಮನಸ್ಸೋ ಕಲ್ಲೋ, ಒಂದು ಮಾತಿಗೆ ನಿಮ್ಮ ಗಂಟೇನು ಹೋಗುತ್ತಿತ್ತು, ಆ ಮನುಷ್ಯ ನಾಳೆ ಏಳದೇ ಹೋದರೆ ಏನು ಮಾಡುತ್ತೀರಿ ಎಂದು ಬಾಯಿಗೆ ಬಂದಂತೆ ಬೈದೆ. ಮಗಳಾಗಿ ಆಡಬಾರದ ಮಾತನ್ನೂ ಆಡಿದೆ. ಅಪ್ಪ ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

ಮಾರನೆಯ ದಿನ ಮಾವ ಆಸ್ಪತ್ರೆಯ ಬ್ಯಾಗನ್ನು ಬಾಗಿಲಲ್ಲಿಟ್ಟು ಒಳಗೆ ಬಂದರು. ಮಂಡಿಯೂರಿ ಕೂತು ಬೂಟು ತೊಡಿಸುತ್ತಿದ್ದಾಗ ಅಪ್ಪ ಹೇಳಿದರು: “ರಾಯಪ್ಪ, ಆ ನಟ್ಟು ಬಿಚ್ಚಿದ್ದು ನಾನು ಕಣೋ.”

ಶನಿವಾರ ಸಂಜೆ ಮಾವ ಮಲಗಿದ್ದಾಗ ಅಪ್ಪ ತಾಳಲಾರದೆ ತಾವೇ ಸ್ಪ್ಯಾನರ್ ತೆಗೆದುಕೊಂಡು, ಹಿಂದಿನ ಚಕ್ರದ ನಟ್ಟು ಸಡಿಲಿಸಿ, ಚಕ್ರವನ್ನು ಹಿಂದಕ್ಕೆ ಎಳೆದು, ಚೈನು ಬಿಗಿ ಮಾಡಿದ್ದರು. ಅಷ್ಟರಲ್ಲಿ ಯಾರೋ ಟೀಗೆ ಕರೆದರು. ನಟ್ಟನ್ನು ಕೈಯಲ್ಲೇ ತಿರುಗಿಸಿ ಹೋದವರು ಮತ್ತೆ ಸ್ಪ್ಯಾನರ್ ಹಾಕುವುದನ್ನು ಮರೆತೇಬಿಟ್ಟರು. ಇದಿಷ್ಟನ್ನೂ ಅಪ್ಪ ನೆಲ ನೋಡಿಕೊಂಡೇ ಹೇಳಿದರು.

ಮಾವನ ಕೈ ನಿಂತಿತು. ನಾನು ಬಾಗಿಲಲ್ಲೇ ಇದ್ದೆ.

“ನಿಂಗೆ ಯಾವಾಗ್ಲಿಂದ ಗೊತ್ತು?” ಎಂದು ಮಾವ ಕೇಳಿದರು.

“ಬಿದ್ದಾಗ್ಲೇ.”

“ಮತ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಹಿಂದೂಪುರಕ್ಕೆ ಹೋಗ್ಬಿಡ್ತಿದ್ದೆ.”

ಮಾವ ಲೇಸಿನ ಗಂಟು ಹಾಕಿ ಮುಗಿಸಿದರು. ಗೋಡೆ ಹಿಡಿದು ನಿಧಾನವಾಗಿ ಎದ್ದು, ಬ್ಯಾಗು ತೆಗೆದುಕೊಂಡು ಹೊರಟರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಅಪ್ಪನ ಮೇಲೆ ನನಗೆ ಎಷ್ಟು ಅಸಹ್ಯವಾಯಿತೆಂದರೆ ಅಂದು ಅವರಿಗೆ ತಟ್ಟೆ ಹಾಕಲೂ ಮನಸ್ಸಾಗಲಿಲ್ಲ. ಅದೇ ಅಪ್ಪ ಗೋಡೆಗೆ ತಿರುಗಿ ಅಳುವುದನ್ನು ಕಂಡಾಗ ಅಯ್ಯೋ ಅನ್ನಿಸಿತು. ಎರಡೂ ನಿಜ.

ಆಪರೇಷನ್ ಚೆನ್ನಾಗಿಯೇ ಆಯಿತು. ಮಾವ ದೇವನಹಳ್ಳಿಯ ತಂಗಿ ಮುನಿವೆಂಕಟಮ್ಮನ ಮನೆಗೆ ಹೋದರು. ನಮ್ಮ ಮನೆಗೆ ಬರಲಿಲ್ಲ. ಅಪ್ಪ ಫೋನು ಮಾಡಿದರೆ ಎತ್ತಲಿಲ್ಲ. ಕೊನೆಗೆ ನಾನೇ ಹಣ್ಣು ತೆಗೆದುಕೊಂಡು ನೋಡಲು ಹೋದೆ. ತುಂಬ ಇಳಿದುಹೋಗಿದ್ದರು. ಮಗ್ಗ ಹೇಗಿದೆ, ಸೀರೆಗೆ ಗಿರಾಕಿ ಇದೆಯೇ ಎಂದೆಲ್ಲ ವಿಚಾರಿಸಿದರು. ಅಪ್ಪನ ಸುದ್ದಿ ಎತ್ತಲಿಲ್ಲ. ನಾನು ಏಳುವಾಗ ಬೂಟು ಯಾರು ಹಾಕುತ್ತಾರೆ ಎಂದು ಕೇಳಿದರು. ನಾನೇ ಎಂದೆ.

“ಬಿಗಿಯಾಗಿ ಕಟ್ಬೇಡ ಕಣಮ್ಮ, ಸಾಯಂಕಾಲದ ಹೊತ್ತಿಗೆ ಪಾದ ಊದುತ್ತೆ.”

ಆ ಮಾತಿನಿಂದ ನನಗೆ ಧೈರ್ಯ ಬಂತು. ಅಪ್ಪನಿಗೆ ಏನಾದರೂ ಹೇಳಲೇ ಮಾವ ಎಂದು ಕೇಳಿದೆ. ಅವರು ಹಣ್ಣಿನ ಚೀಲವನ್ನು ಪಕ್ಕಕ್ಕೆ ಸರಿಸಿದರು.

“ಕ್ಷಮಿಸಿದೀನಿ ಅಂತ ಹೇಳ್ಬೇಕು ಅಂತ ದಿನಾ ಅಂದ್ಕೋತೀನಿ. ಆಗ್ತಿಲ್ಲ ಮಮತ. ಹಂಗಂತ ಹೇಳು.”

ಮನೆಗೆ ಬಂದು ಒಂದಕ್ಷರ ಬಿಡದೆ ಹೇಳಿದೆ. ಅಪ್ಪ ತಲೆಯಾಡಿಸಿದರು. ಆಮೇಲೆ, ದಿನಾ ಅಂದುಕೊಳ್ಳುತ್ತಾನೆ ಅಂದನಾ ಎಂದು ಕೇಳಿದರು. ಹೌದು ಎಂದೆ.