ನಮ್ಮ ಕಡೆಯವನಿಗೆ ಕೊಟ್ಟ ಬೀಗದ ಕೈ

ಅಟ್ಟೂರಿನ ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಪ್ರಯೋಗಾಲಯ ಎಂದರೆ ಒಂದು ಬೀರು. ಅದಕ್ಕೆ ಬೀಗ, ಬೀಗಕ್ಕೆ ತುಕ್ಕು. ಮಕ್ಕಳು ಕೈಯಾರೆ ತಂತಿ ಜೋಡಿಸಿ ಬಲ್ಬು ಹೊತ್ತಿಸಲು ಒಂದು ಜಾಗ ಬೇಕೆಂದು ವಿಜ್ಞಾನದ ಟೀಚರಾದ ನಾನು ಊರೆಲ್ಲ ಅಲೆದೆ. ಕೊನೆಗೆ ಶಾಲೆಯ ಹಿಂದಿನ ಮನೆಯ ಯಜಮಾನರು, ಹೊಲವನ್ನೆಲ್ಲ ಲೇಔಟ್ ಮಾಡಿ ಮಾರಿದವರು, ಖಾಲಿ ಬಿದ್ದಿದ್ದ ದನದ ಕೊಟ್ಟಿಗೆ ಕೊಡುತ್ತೇನೆಂದರು.

ನಾನು ಅವರನ್ನು ನಂಬಲಿಲ್ಲ. ಅಂಗೈಯಗಲ ಜಾಗವನ್ನೂ ಬಿಡದೆ ಮಾರಿದವರು ಇದನ್ನು ಸುಮ್ಮನೆ ಯಾಕೆ ಕೊಡುತ್ತಾರೆ? ಬರೆದುಕೊಡಿ ಎಂದು ಮೂರು ಸಲ ಕೇಳಿದೆ. ಅವರು ನಕ್ಕು, ಎಲೆ ಅಡಿಕೆ ಕೊಟ್ಟು, ಮಾತೇ ಸಾಕು ಅಂದರು.

ನಾನು ನಂಬಿದ್ದು ಇನ್ನೊಬ್ಬನನ್ನು. ಮಕ್ಕಳಿಗೆ ಕಲಿಸುವವರನ್ನು ಹುಡುಕುವಾಗ ಸಿಕ್ಕವನು, ಯಲಹಂಕದ ಆಚೆ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದವನು. ಮೊದಲ ದಿನವೇ "ಅಕ್ಕಾರ, ನೀವು ಬಾಗಲಕೋಟಿ ಕಡ್ಯಾರೇನ್ರಿ?" ಎಂದ. ವರ್ಷಗಟ್ಟಲೆ ಈ ಊರಿನಲ್ಲಿ ನಾಲಿಗೆ ತಿದ್ದಿಕೊಂಡು ಮಾತಾಡಿದವಳಿಗೆ ಅಷ್ಟೇ ಸಾಕಾಯಿತು. ಮನೆಗೆ ಕರೆದು ರೊಟ್ಟಿ, ಎಣಗಾಯಿ ಬಡಿಸಿದೆ. ಅವನ ವಿದ್ಯಾರ್ಥಿಗಳು ಶನಿವಾರ ಬಂದು ಕಲಿಸುವುದು, ಫ್ಯಾಕ್ಟರಿಯೊಂದು ಹಳೆಯ ಮೀಟರು ಮೋಟರು ಕೊಡುವುದು ಎಂದು ತೀರ್ಮಾನವಾಯಿತು. ಕೊಟ್ಟಿಗೆಯ ಬೀಗದ ಕೈಯನ್ನು ಅವನಿಗೇ ಒಪ್ಪಿಸಿ, ಯಜಮಾನರ ಮುಂದೆ ನಿಲ್ಲಿಸಿ, ಇವರು ನಮ್ಮ ಕಡೆಯವರು ಎಂದು ಹೆಮ್ಮೆಯಿಂದ ಹೇಳಿದೆ.

ಎಂಟನೇ ತರಗತಿಯ ಹುಡುಗಿಯರು ಆ ನೆಲವನ್ನು ಉಜ್ಜಿ ತೊಳೆದರು. ದನಗಳಿಗೆ ಮೇವು ಹಾಕುವ ಗೋದಲಿಯ ಮೇಲೆ ಹಲಗೆ ಹಾಸಿ ಮೇಜು ಮಾಡಿಕೊಂಡರು. ತಂತಿ ಜೋಡಿಸಿ, ನೀರಿನ ಸಂಪು ತುಂಬಿದರೆ ಕೂಗುವ ಗಂಟೆ ಕಟ್ಟಿದರು. ಅದು ಸಂಪು ಖಾಲಿಯಿದ್ದಾಗಲೂ ಕೂಗುತ್ತಿತ್ತು, ನಮಗೆ ನಗುವೋ ನಗು.

ಬೇಸಿಗೆ ರಜೆ ಮುಗಿಸಿ ಬಂದರೆ ಕೊಟ್ಟಿಗೆಗೆ ಗಾಜಿನ ಬಾಗಿಲು. ಮೇಲೆ ರೋಬೋಟ್ ಕೋಚಿಂಗ್ ಎಂಬ ಬೋರ್ಡು, ಅದರಲ್ಲಿ ಅವನ ಫೋಟೋ, ಪಕ್ಕದಲ್ಲಿ ನಮ್ಮ ಹುಡುಗಿಯರದು. ಒಳಗೆ ಕೂತಿದ್ದವರು ಮಾತ್ರ ಅಪಾರ್ಟ್‌ಮೆಂಟಿನ ಮಕ್ಕಳು.

ಮೈಯೆಲ್ಲ ಉರಿದು ಯಜಮಾನರ ಮನೆಗೆ ನುಗ್ಗಿದೆ. ನನ್ನ ಹೆಸರು ಹೇಳಿಯೇ ಅವನು ಕೊಟ್ಟಿಗೆಯನ್ನು ತನ್ನ ಹೆಸರಿಗೆ ಕರಾರು ಮಾಡಿಸಿಕೊಂಡಿದ್ದ.

"ನಿಮ್ ಕಡೆಯೋರು ಅಂತ ನೀವೇ ಏಳಿದ್ರಲ್ಲಮ್ಮ," ಎಂದರು ಅವರು, ಮುಖ ಸಣ್ಣದು ಮಾಡಿಕೊಂಡು. "ಮೇಡಮ್ಮೋರ ಕೆಲ್ಸ ಅಂತಲೇ ಸೈನ್ ಆಕ್ದೆ."

ಅಲ್ಲಿಂದ ನೇರ ಕೊಟ್ಟಿಗೆಯಲ್ಲಿದ್ದ ಅವನ ಬಳಿ ಹೋದೆ. ಅವನು ತಲೆ ಕೂಡ ತಗ್ಗಿಸಲಿಲ್ಲ.

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ. ಫೀ ಕಟ್ಟಿದ್ರ ನಿಮ್ಮ ಹುಡಿಗ್ಯಾರನೂ ಕುಂದರಸ್ತೀನ್ರಿ," ಎಂದ.

ನಮ್ಮವ್ವನ ಮಾತಿನ ಅದೇ ರಾಗ. ಅವನ ಬಾಯಿಂದ ಅದನ್ನು ಕೇಳಿ ಅಸಹ್ಯವಾಯಿತು. ಕಪಾಳಕ್ಕೆ ಬಾರಿಸಬೇಕಿತ್ತು, ಅವನೆದುರೇ ಅತ್ತುಬಿಟ್ಟೆ. ಅದಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ.

ಅಂದು ಶನಿವಾರ. ಹೊರಗೆ ನಮ್ಮ ಹುಡುಗಿಯರು ಎಂದಿನಂತೆ ಚಪ್ಪಲಿ ಬಿಟ್ಟು ಸಾಲಾಗಿ ನಿಂತಿದ್ದರು. ಇನ್ನು ಮೇಲೆ ಒಳಗೆ ಹೋಗುವ ಹಾಗಿಲ್ಲ ಎಂದೆ. ಯಾರೂ ಅಳಲಿಲ್ಲ. ಒಬ್ಬಳು ಮೆಲ್ಲಗೆ, "ನಾವೇನಾದ್ರೂ ತಪ್ಪು ಮಾಡಿದ್ವಾ ಟೀಚರ್?" ಎಂದು ಕೇಳಿದಳು.

ಇಲ್ಲ, ತಪ್ಪು ಮಾಡಿದವಳು ನಾನು ಎಂದೆ. ಅವಳು ನಂಬಲಿಲ್ಲ.